ಅಜ್ಜಿ ಮೂವತ್ತನೇ ಕಂತಿನವರೆಗೆ

ರಂಜಾನ್ ಬಂತೆಂದರೆ ಊರಿಗೆಲ್ಲ ಪುಣ್ಯದ ತಿಂಗಳು, ನನಗೊಬ್ಬಳಿಗೆ ಶಿಕ್ಷೆಯ ತಿಂಗಳು. ಕೈರೋದಲ್ಲಿ ಪತ್ರಿಕೆಗೆ ಟೀವಿ ವಿಮರ್ಶೆ ಬರೆದು ಬದುಕುವವಳ ಹಣೆಬರಹವೇ ಇಷ್ಟು. ವರ್ಷವಿಡೀ ಮಲಗಿದ್ದ ನಿರ್ಮಾಪಕರೆಲ್ಲ ಈ ಒಂದು ತಿಂಗಳಲ್ಲಿ ಒಟ್ಟಿಗೆ ಎದ್ದು, ತಲಾ ಮೂವತ್ತು ಕಂತಿನ ಧಾರಾವಾಹಿಯನ್ನು ನಮ್ಮ ತಲೆಯ ಮೇಲೆ ಸುರಿಯುತ್ತಾರೆ. ಉಪವಾಸ ಬಿಟ್ಟು ಎರಡು ತುತ್ತು ಗಂಟಲಲ್ಲಿ ಇಳಿಯುವುದರೊಳಗೆ ಶುರು. ಈ ಚಾನೆಲ್ಲಿನಲ್ಲಿ ಒಬ್ಬಳು ಅಳುತ್ತಾಳೆ, ಆ ಚಾನೆಲ್ಲಿನಲ್ಲಿ ಒಬ್ಬಳು ವಿಷ ಬೆರೆಸುತ್ತಾಳೆ, ಇನ್ನೊಂದರಲ್ಲಿ ಮೂರು ಜನ ಒಬ್ಬರ ಮುಖ ಒಬ್ಬರು ನೋಡುತ್ತ ಸುಮ್ಮನೆ ನಿಂತಿರುತ್ತಾರೆ. ಅಷ್ಟರಲ್ಲಿ ತುಪ್ಪದ ಜಾಹೀರಾತು. ಅದು ಮುಗಿದರೆ ಮೊಬೈಲ್ ಕಂಪನಿಯದ್ದು. ಎಲ್ಲ ಮುಗಿಸಿ ವಾಪಸು ಬಂದರೆ ಆ ಮೂವರು ಇನ್ನೂ ನಿಂತೇ ಇರುತ್ತಾರೆ.

"ಜಾಹೀರಾತೇ ಚೆನ್ನಾಗಿದೆ ಕಣೇ ಇನ್ಶಿರಾ, ಅದರ ಮೇಲೇ ಬರೆದುಬಿಡು," ಎನ್ನುತ್ತಾನೆ ನನ್ನ ಗಂಡ ರವೂಫ್. ಅವನಿಗೇನು, ಸೋಫಾದ ಮೇಲೆ ಕಾಲು ಚಾಚಿ ಕತಾಯೆಫ್ ತಿನ್ನುತ್ತ ನೋಡುತ್ತಾನೆ. ನಾನು ಅದೇ ಸಿಹಿಯನ್ನು ಬಾಯಿಗೆ ಹಾಕಿಕೊಂಡು ಹಲ್ಲು ಕಡಿಯುತ್ತ ಟಿಪ್ಪಣಿ ಮಾಡಬೇಕು, ಬೆಳಿಗ್ಗೆ ಎದ್ದು ಅಂಕಣ ಬರೆಯಬೇಕು.

ಈ ವರ್ಷದ ದೊಡ್ಡ ಗೋಳಿನ ಹೆಸರು 'ಕಣ್ಣೀರಿನ ಗಲ್ಲಿ'. ನಾಯಕಿ ಮಾಹಿತಾಬ್. ಗಾಡಿಯ ಮೇಲೆ ಕುರಿಯ ಲಿವರ್ ಹುರಿದು ಮಾರುವ ಬಡ ವಿಧವೆಯ ಪಾತ್ರ. ಬೆಳಗಿನಿಂದ ಸಂಜೆಯವರೆಗೆ ಬಾಣಲೆಯ ಮುಂದೆ ನಿಂತರೂ ಉಗುರಿನ ಬಣ್ಣ ಒಂದಿಷ್ಟೂ ಕಿತ್ತಿಲ್ಲ. ಕಣ್ಣಿಗೆ ಅಂಟಿಸಿದ ರೆಪ್ಪೆಗಳಂತೂ ಪೊರಕೆ. ಬಡತನ ಅಂದರೆ ಕನ್ನಡಿಯ ಹಾಗೆ ಹೊಳೆಯುವ ಮೇಕಪ್ಪಿನ ಮೇಲೆ ಒಂದು ಹನಿ ಗ್ಲಿಸರಿನ್ ಎಂದು ತಿಳಿದವರು ಬರೆದ ಕತೆ. ನಾನು ಇದನ್ನೆಲ್ಲ ಇದ್ದದ್ದು ಇದ್ದ ಹಾಗೆ ಬರೆದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಏನೂ ಆಗುತ್ತಿರಲಿಲ್ಲ. ಬೈಗುಳಕ್ಕೆ ನಾಯಕಿಯರು ಹೆದರುವುದಿಲ್ಲ, ಬೈದಷ್ಟೂ ಜನ ನೋಡುತ್ತಾರೆ.

ಆದರೆ ಆ ಧಾರಾವಾಹಿಯಲ್ಲಿ ಒಬ್ಬ ಅಜ್ಜಿ ಇದ್ದಳು. ನಾಯಕಿಯ ಅಜ್ಜಿ. ಆ ಪಾತ್ರ ಮಾಡುತ್ತಿದ್ದವರು ನಮ್ಮ ಮೇಲಿನ ಮಹಡಿಯ ಮದಾಮ್ ತಫೀದಾ.

ಮದಾಮ್ ತಫೀದಾ ಹುಡುಗಿಯಾಗಿದ್ದಾಗಿನಿಂದ ನಾಟಕದವರು. ಇತ್ತೀಚೆಗೆ ಅವರನ್ನು ಕರೆಯುತ್ತಿದ್ದದ್ದು ಸಾಯುವುದಕ್ಕೆ ಮಾತ್ರ. ಒಂದು ಧಾರಾವಾಹಿಯಲ್ಲಿ ಮೊದಲ ದೃಶ್ಯದಲ್ಲೇ ಹೆಣ, ಇನ್ನೊಂದರಲ್ಲಿ ಗೋಡೆಯ ಮೇಲಿನ ಫೋಟೋ. "ನಾನು ಸತ್ತಷ್ಟು ಸಲ ಈಜಿಪ್ಟಿನಲ್ಲಿ ಯಾರೂ ಸತ್ತಿಲ್ಲ," ಎಂದು ಅವರೇ ನಗುತ್ತಿದ್ದರು. ಈ ಸಲ ಒಪ್ಪಂದ ಮಾಡುವಾಗ ಅಜ್ಜಿ ಕೊನೆಯವರೆಗೂ ಇರುತ್ತಾಳೆ ಎಂದು ಹೇಳಿದ್ದರಂತೆ. ಹಬ್ಬದ ಹಿಂದಿನ ದಿನ, ಊರಿಗೆ ಊರೇ ಟೀವಿಯ ಮುಂದೆ ಕೂತಿರುವಾಗ, ಮೂವತ್ತನೇ ಕಂತಿನಲ್ಲಿ ತಾನು ಬದುಕಿರಬೇಕು. ಅವರಿಗೆ ಬೇಕಾಗಿದ್ದದ್ದು ಅದೊಂದೇ.

ಮೊದಲ ವಾರ ಮುಗಿದಾಗ ನಾನು ಬರೆದೆ: 'ಈ ಗಲ್ಲಿಯಲ್ಲಿ ಉಸಿರಾಡುವ ಜೀವ ಒಂದೇ, ಅದು ಅಜ್ಜಿ. ಆಕೆ ಬಾಗಿಲಲ್ಲಿ ಬಂದು ನಿಂತರೆ ಪಕ್ಕದಲ್ಲಿ ಮಾಹಿತಾಬ್ ಇದ್ದಾಳೆಂಬುದೇ ಮರೆತುಹೋಗುತ್ತದೆ.' ನಿಜವನ್ನೇ ಬರೆದೆ. ನೆರೆಯವರು ಅಂತ ಒಂದಕ್ಷರ ಹೆಚ್ಚು ಬರೆಯಲಿಲ್ಲ.

ಎಲ್ಲವನ್ನೂ ಚಿತ್ರೀಕರಿಸಿ ಮುಗಿಸಿ ಆಮೇಲೆ ತೋರಿಸುವ ಅಭ್ಯಾಸ ನಮ್ಮವರಿಗೆ ಇದ್ದಿದ್ದರೆ ಆ ಮಾತಿನಿಂದ ಯಾರಿಗೂ ತೊಂದರೆ ಇರಲಿಲ್ಲ. ಎಲ್ಲಿಂದ ಬರಬೇಕು? ಎಂಟನೇ ಕಂತು ಮನೆಮನೆಯಲ್ಲಿ ಓಡುತ್ತಿರುವಾಗ ಹನ್ನೆರಡನೆಯದನ್ನು ಬರೆಯುತ್ತ ಕೂತಿರುತ್ತಾರೆ. ನಟರಿಗೆ ಹಾಳೆಗಳು ಬೆಳಿಗ್ಗೆ ಸೆಟ್ಟಿಗೆ ಹೋದಾಗಲೇ ಸಿಗುವುದು. ಅಂದರೆ ಇವತ್ತು ಪತ್ರಿಕೆಯಲ್ಲಿ ಬಂದ ಮಾತಿಗೆ ಮುಂದಿನ ವಾರ ಯಾರಾದರೂ ಸಾಯಬಹುದು.

ಒಂದು ಸಂಜೆ, ಉಪವಾಸ ಬಿಡಲು ಇನ್ನೂ ಹೊತ್ತಿರುವಾಗ, ಮದಾಮ್ ತಫೀದಾ ಅಡುಗೆಮನೆಗೇ ಬಂದು ಸ್ಟೂಲ್ ಎಳೆದುಕೊಂಡು ಕೂತರು.

"ನನ್ನನ್ನ ಕೋಮಾಕ್ಕೆ ಕಳಿಸ್ತಿದ್ದಾರೆ ಮಗಳೇ," ಅಂದರು. "ಇವತ್ತು ಹಾಳೆ ಬಂತು. ಮೆಟ್ಟಿಲ ಮೇಲಿಂದ ಬೀಳ್ತೀನಂತೆ. ಆಮೇಲೆ ಎರಡು ದಿನ ಮೂಗಿಗೆ ಪೈಪು. ಆಮೇಲೆ ಅಲ್ಲಾಹನ ಹತ್ರ."

"ಯಾಕೆ? ಅಜ್ಜಿ ಕೊನೇವರೆಗೂ ಇರ್ತಾಳೆ ಅಂದಿದ್ರಲ್ಲ?"

"ಅಂದಿದ್ರು. ನೀನು ಬರೆದದ್ದನ್ನ ಯಾರೋ ಮಾಹಿತಾಬ್‌ಗೆ ಓದಿ ಹೇಳಿದ್ದಾರೆ. ಅವತ್ತಿಂದ ನನ್ನ ಸಲಾಮಿಗೆ ವಾಪಸು ಸಲಾಮಿಲ್ಲ. 'ಅಜ್ಜಿದು ಯಾಕೋ ಜಾಸ್ತಿ ಆಯ್ತು' ಅಂದಳಂತೆ. ಲೇಖಕ ಪಾಪ ಏನು ಮಾಡ್ತಾನೆ, ಅವನಿಗೂ ಹೆಂಡತಿ ಮಕ್ಕಳಿದ್ದಾರೆ."

ನನಗೆ ಮೈಯೆಲ್ಲ ಉರಿದುಹೋಯಿತು. "ನಾಳೆ ಅವಳ ಗ್ರಹಚಾರ ಬಿಡಿಸ್ತೀನಿ ನೋಡಿ," ಅಂದೆ.

"ಅಯ್ಯೋ ಮಾರಾಯ್ತಿ, ಅದನ್ನೇ ಬೇಡ ಅನ್ನೋಕೆ ಬಂದದ್ದು. ನೀನು ಅವಳನ್ನ ಬೈದಷ್ಟೂ ನನ್ನ ಮೂಗಿಗೆ ಪೈಪು. ಅವಳನ್ನ ಬಿಡು. ನನ್ನನ್ನ ಬೈ."

ನಾನು ಕೈಯಲ್ಲಿದ್ದ ಸೌಟು ಕೆಳಗಿಟ್ಟೆ.

"ನನ್ನನ್ನ ಬೈದು ಬರಿ. ಮುದುಕಿಗೆ ನಟನೆ ಬರಲ್ಲ ಅಂತ ಬರಿ. ಆಗ ಅವಳಿಗೆ ಸಮಾಧಾನ ಆಗತ್ತೆ, ನಾನು ಮೆಟ್ಟಿಲಿಂದ ಬಿದ್ದು ಸೊಂಟ ಉಳುಕಿಸ್ಕೊಂಡು ಎದ್ದು ಕೂರ್ತೀನಿ."

"ಮದಾಮ್, ನಾನು ಇವತ್ತಿನವರೆಗೆ ಪತ್ರಿಕೇಲಿ ಸುಳ್ಳು ಬರೆದಿಲ್ಲ."

"ಅದಕ್ಕೇ ನಿನ್ನ ಹತ್ರ ಬಂದದ್ದು. ಸುಳ್ಳು ಬರೆಯೋರು ಬರೆದ್ರೆ ಅವಳು ನಂಬ್ತಾಳಾ?"

ಎರಡು ದಿನ ತಲೆ ಚಚ್ಚಿಕೊಂಡೆ. ಅವರು ಮಾತ್ರ ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ, "ಬೈದ್ಯಾ?" ಎಂದು ಕೇಳುತ್ತಿದ್ದರು. ಕೊನೆಗೆ ಹಾಳಾಗಿ ಹೋಗಲಿ ಎಂದು ಕೂತು ಬರೆದೆ. ಅಜ್ಜಿ ಹಳಸಿದ್ದಾರೆ, ಮಾಹಿತಾಬಳ ಸಹಜ ನಟನೆಯ ಪಕ್ಕದಲ್ಲಿ ಮಂಕಾಗಿ ಕಾಣುತ್ತಾರೆ ಎಂದೆಲ್ಲ. 'ಸಹಜ' ಎಂಬ ಶಬ್ದ ಬರೆಯುವಾಗ ನನ್ನ ಬೆರಳೇ ಹಿಂಜರಿಯಿತು. ಆದರೆ ಬರಿಯ ಸುಳ್ಳು ಎಷ್ಟು ಉದ್ದ ಹೋದೀತು? ಅಂಕಣದ ಜಾಗ ತುಂಬುವುದಕ್ಕೆ ಇನ್ನೊಂದು ಮಾತು ಬೇಕಾಗಿತ್ತು, ಅದು ತಾನಾಗಿಯೇ ಬಂತು: 'ಪ್ರತಿ ಮಾತಿನ ಕೊನೆಗೂ ಈಕೆ ಗಲ್ಲ ಮೇಲೆತ್ತಿ ಒಂದು ಕ್ಷಣ ಕಾಯುತ್ತಾರೆ. ಹಿಂದಿನ ಸಾಲಿನವರು ಚಪ್ಪಾಳೆ ತಟ್ಟಲಿ ಎಂಬಂತೆ. ಇದು ನಾಟಕವಲ್ಲ, ಟೀವಿ.'

ಪತ್ರಿಕೆ ಬಂದ ದಿನ ಕತಾಯೆಫ್ ಮಾರುವ ಹೆಂಗಸು ನನ್ನ ಮುಖ ನೋಡದೆ ಪೊಟ್ಟಣ ಕಟ್ಟಿಕೊಟ್ಟಳು. "ವಯಸ್ಸಾದೋರ ಹೊಟ್ಟೆ ಮೇಲೆ ಹೊಡೆದು ಏನು ಸಿಗ್ತಮ್ಮಾ ನಿನಗೆ?" ಅಂದಳು. ಮಾಹಿತಾಬಳ ಕಡೆಯವನೊಬ್ಬ ಫೋನ್ ಮಾಡಿ, "ಉಸ್ತಾಜಾ, ಕೊನೆಗೂ ನ್ಯಾಯವಾಗಿ ಬರೆದ್ರಿ," ಎಂದು ಹೊಗಳಿದ. ಹದಿನೆಂಟನೇ ಕಂತಿನಲ್ಲಿ ಅಜ್ಜಿ ಮೆಟ್ಟಿಲಿಂದ ಬಿದ್ದಳು, ಹತ್ತೊಂಬತ್ತರಲ್ಲಿ ಕಣ್ಣು ಬಿಟ್ಟಳು. ಡಾಕ್ಟರ್ ಪಾತ್ರದವನು ಕನ್ನಡಕ ತೆಗೆದು, "ಇದು ಪವಾಡ," ಅಂದ. ಪವಾಡ ನಡೆದದ್ದು ನನ್ನ ಅಂಕಣದಲ್ಲಿ ಎಂದು ಅವನಿಗೇನು ಗೊತ್ತು.

ಆವತ್ತು ಮದಾಮ್ ತಫೀದಾ ಒಂದು ಜಗ್ಗು ಒಣ ಏಪ್ರಿಕಾಟಿನ ಪಾನಕ ತಂದುಕೊಟ್ಟರು. ಕೊಟ್ಟು ಹೋಗಲಿಲ್ಲ, ಬಾಗಿಲಲ್ಲೇ ನಿಂತರು.

"ಚೆನ್ನಾಗಿ ಬೈದಿದ್ದೀಯಾ. ಬೆಣ್ಣೇಲಿ ಕೂದಲು ತೆಗೆದ ಹಾಗೆ ಬರೀತೀಯಾ."

"ಸುಮ್ನಿರಿ ಮದಾಮ್. ನಾಚಿಕೆ ಆಗತ್ತೆ."

"ಆ ಗಲ್ಲ ಎತ್ತೋ ಮಾತು. ಅದು ಸುಳ್ಳಲ್ಲ, ಅಲ್ವಾ?"

ಅದೂ ಬಾಯಿಗೆ ಬಂದ ಸುಳ್ಳೇ ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ.

"ಇಷ್ಟು ವರ್ಷ ಆಯ್ತು, ಒಬ್ಬರೂ ಹೇಳಿರ್ಲಿಲ್ಲ," ಅಂದರು. ಕೋಪವಿರಲಿಲ್ಲ. ಗಲ್ಲವನ್ನು ಬೆರಳಿನಿಂದ ಒತ್ತಿಕೊಳ್ಳುತ್ತ ಮೆಟ್ಟಿಲು ಹತ್ತಿ ಹೋದರು.

ಇಪ್ಪತ್ತೆರಡನೇ ಕಂತು ಬಂತು. ಮಾಹಿತಾಬ್ ಯಾವನೋ ಕೈಕೊಟ್ಟನೆಂದು ಮನೆಯಿಡೀ ಓಡಾಡುತ್ತ ಕಿರುಚುತ್ತಾಳೆ. ಅಜ್ಜಿ ನೆಲದ ಮೇಲೆ ಕೂತು ಮುಲೂಖಿಯಾ ಸೊಪ್ಪು ಬಿಡಿಸುತ್ತಿದ್ದಾಳೆ. ಒಂದು ಮಾತಿಲ್ಲ. ಗಲ್ಲ ಎದೆಗೆ ತಾಗಿಕೊಂಡಿದೆ. ಮೊಮ್ಮಗಳು 'ನನಗೆ ಯಾರಿದ್ದಾರೆ' ಎಂದು ಚೀರಿದಾಗ ಸೊಪ್ಪು ಬಿಡಿಸುತ್ತಿದ್ದ ಕೈ ನಿಂತಿತು. ಅಷ್ಟೇ. ಆಮೇಲೆ ಮತ್ತೆ ಸೊಪ್ಪು ಬಿಡಿಸುತ್ತ, ತಲೆ ಎತ್ತದೆ, "ಊಟ ಮಾಡಿದ್ಯಾ?" ಅಂದಳು.

ರವೂಫ್ ಬಾಯಿಗೆ ಒಯ್ದ ಚಮಚವನ್ನು ಹಾಗೇ ಹಿಡಿದುಕೊಂಡಿದ್ದ. ನನಗೆ ಕಣ್ಣು ತುಂಬಿ ಬಂತು. ಇಷ್ಟು ವರ್ಷ ಈ ಪೆಟ್ಟಿಗೆಯ ಮುಂದೆ ಕೂತು ಬೈದದ್ದೆಲ್ಲ ಇಂಥದ್ದೊಂದು ನೋಡುವುದಕ್ಕಾಗಿಯೇ ಅನ್ನಿಸಿತು.

ಮಾರನೆಯ ದಿನ ಮೇಲೆ ಹೋದೆ. ಮದಾಮ್ ಕಿಟಕಿಯ ಹತ್ತಿರ ಕೂತಿದ್ದರು.

"ಆ ಸೊಪ್ಪಿನ ದೃಶ್ಯದ ಶೂಟಿಂಗ್ ಮುಗಿದಾಗ ಲೈಟಿನ ಹುಡುಗರೆಲ್ಲ ಚಪ್ಪಾಳೆ ತಟ್ಟಿದ್ರು," ಅಂದರು. "ಮಾಹಿತಾಬ್ ಮೇಕಪ್ ರೂಮಿಗೆ ಹೋಗಿ ಬಾಗಿಲು ಹಾಕ್ಕೊಂಡಳು. ಆವತ್ತಿಂದ ನನಗೆ ಹಾಳೆ ಬಂದಿಲ್ಲ."

"ಸುಮ್ನೆ ಮೊದಲಿನ ಹಾಗೇ ಮಾಡಬಾರ್ದಿತ್ತಾ ನೀವು? ಆ ಗಲ್ಲ ಎತ್ತಿದ್ರೆ ಏನು ಗಂಟು ಹೋಗ್ತಿತ್ತು? ಮೂವತ್ತರವರೆಗೆ ಇರಬೇಕು ಅಂತ ನೀವೇ ತಾನೆ ನನ್ನ ಜೀವ ತಿಂದದ್ದು?"

"ಹೌದು. ಏನು ಮಾಡೋದು, ತಪ್ಪು ಅಂತ ಗೊತ್ತಾದ ಮೇಲೆ ಮಾಡೋಕೆ ಆಗಲಿಲ್ಲ."

ಇಪ್ಪತ್ತನಾಲ್ಕರಲ್ಲಿ ಅಜ್ಜಿಯನ್ನು ಕೊಂದರು. ಎದುರಿಗೆ ಕೂಡ ಅಲ್ಲ. ಮಾಹಿತಾಬಳಿಗೆ ಒಂದು ಫೋನ್ ಬಂತು, "ಏನು, ಅಜ್ಜಿ ಹೋದಳಾ?" ಎಂದಳು, ಫೋನ್ ಕೈಯಿಂದ ಜಾರಿತು, ಆಮೇಲೆ ಮುಖದ ಮೇಲೆ ಕ್ಯಾಮೆರಾ ಇಟ್ಟು ಅಳಿಸಿದರು, ಅಳಿಸಿದರು, ಮುಗಿಯಲೇ ಇಲ್ಲ. ಸಾಯುವುದರಲ್ಲಿ ನುರಿತ ಹೆಂಗಸಿಗೆ ಸಾಯಲಿಕ್ಕೂ ಒಂದು ದೃಶ್ಯ ಕೊಡಲಿಲ್ಲ.

ಬೆಳಿಗ್ಗೆ ಎದ್ದವಳೇ ಆ ಸೊಪ್ಪು ಬಿಡಿಸುವ ದೃಶ್ಯದ ಬಗ್ಗೆ ಬರೆದೆ. ಇನ್ನು ಯಾರಿಗೂ ತೊಂದರೆಯಿಲ್ಲ, ಇನ್ನೊಂದು ಸಲ ಕೊಲ್ಲಲಾಗುವುದಿಲ್ಲವಲ್ಲ. ಹೃದಯ ಬಿಚ್ಚಿ ಬರೆದು ಸಂಪಾದಕ ಉಸ್ತಾಜ್ ಬದೀರ್ ಅವರ ಮೇಜಿನ ಮೇಲಿಟ್ಟೆ. ಅವರು ಓದಿ, ಕನ್ನಡಕದ ಮೇಲಿನಿಂದ ನೋಡಿದರು.

"ಹೋದ ವಾರ ಇದೇ ಮುದುಕಿಗೆ ನಟನೆ ಬರಲ್ಲ ಅಂದವಳು ನೀನು. ಇವತ್ತು ಇಂಥ ನಟಿ ಇಲ್ಲ ಅಂತೀಯಾ. ಓದೋರು ಏನಂತಾರೆ? ಮೇಲಿನ ಮನೆಯಿಂದ ತಿಂಡಿಯ ತಟ್ಟೆ ಇಳಿದು ಬಂತು, ಅದಕ್ಕೇ ಹೊಗಳಿದಳು ಅಂತಾರೆ."

"ಹೋದ ವಾರದ್ದು ಸುಳ್ಳು ಸಾರ್. ಅವರೇ ಬರಿ ಅಂದ್ರು, ಬರೆದೆ."

ಉಸ್ತಾಜ್ ಬದೀರ್ ಎದ್ದು ಹೋಗಿ ಬಾಗಿಲು ಹಾಕಿ ಬಂದರು. "ಈ ಮಾತು ನನ್ನ ಹತ್ರ ಹೇಳಿದೆ, ಇಲ್ಲಿಗೇ ಬಿಡು. ಇನ್ನೊಬ್ಬರ ಕಿವಿಗೆ ಬಿದ್ದರೆ ಅಂಕಣವೂ ಇರಲ್ಲ, ನೀನೂ ಇರಲ್ಲ. ಬೇರೆ ಯಾವುದಾದ್ರೂ ಧಾರಾವಾಹಿ ಬಗ್ಗೆ ಬರಿ. ಬೇಕಾದಷ್ಟಿವೆಯಲ್ಲ."

ಕಾಡಿದೆ, ಬೇಡಿದೆ, ಜಗಳ ಆಡಿದೆ. ಕಲ್ಲಿನ ಮೇಲೆ ನೀರು ಸುರಿದ ಹಾಗಾಯಿತು. ಸಿಟ್ಟಿನಲ್ಲಿ ಹಾಳೆ ಎತ್ತಿಕೊಂಡು ಮನೆಗೆ ಬಂದೆ. ನಾನು ಬರೆದ ಒಂದೇ ಒಂದು ಸುಳ್ಳು ಅಚ್ಚಾಗಿತ್ತು, ಅದಕ್ಕೆ ಉತ್ತರವಾಗಿ ಬರೆದ ನಿಜ ಕೈಚೀಲದಲ್ಲಿತ್ತು.

ಮರುದಿನ ಸಂಜೆ ಮದಾಮ್ ತಫೀದಾ ಪತ್ರಿಕೆ ಹಿಡಿದು ಬಂದರು. ರವೂಫ್ ಮೇಜಿನ ಮೇಲೆ ಖರ್ಜೂರ, ನೀರು ಇಡುತ್ತಿದ್ದ.

"ಎಲ್ಲ ಪುಟ ನೋಡಿದೆ," ಅಂದರು. "ಏನೂ ಬರೆದಿಲ್ವಾ ಮಗಳೇ?"

ಕೈಚೀಲದಿಂದ ಹಾಳೆ ತೆಗೆದು ಕೊಟ್ಟೆ. ಕನ್ನಡಕ ತಂದಿಲ್ಲ, ನೀನೇ ಓದು ಅಂದರು. ನಾನು ನಿಂತುಕೊಂಡೇ ಓದಿದೆ. ಬೇಗ ಮುಗಿದರೆ ಸಾಕೆಂದು ಓಡಿಸಿದೆ. ಅವರು ಕಣ್ಣು ಮುಚ್ಚಿ ಕೇಳಿಸಿಕೊಂಡರು.

"ಬರೆಯೋಕೆ ಬರತ್ತೆ, ಓದೋಕೆ ಬರಲ್ಲ ನಿನಗೆ," ಅಂದರು. "ಬಸ್ಸು ತಪ್ಪೋರ ಹಾಗೆ ಓಡ್ತೀಯಾ. ಆ 'ಕೈ ನಿಂತಿತು' ಅನ್ನೋ ಹತ್ರ ನೀನೂ ನಿಲ್ಲಬೇಕು. ಜನ ಉಸಿರು ಹಿಡಿಯೋದು ಅಲ್ಲೇ."

"ಜನ ಎಲ್ಲಿದ್ದಾರೆ ಮದಾಮ್?"

ಅವರು ರವೂಫ್‌ನ ಕಡೆ ತೋರಿಸಿದರು. ಅವನು ನೀರಿನ ಜಗ್ಗು ಹಿಡಿದು ಅಲ್ಲೇ ನಿಂತಿದ್ದ. ಅವರು ಹೇಳಿದ ಕೂಡಲೇ ಜಗ್ಗು ಕೆಳಗಿಟ್ಟು ಕುರ್ಚಿಯಲ್ಲಿ ಕೂತ.

"ಮೊದಲಿಂದ ಓದು," ಅಂದರು ಮದಾಮ್ ತಫೀದಾ.

ಮೊದಲಿನಿಂದ, ನಿಧಾನವಾಗಿ ಓದಿದೆ. ಅರ್ಧಕ್ಕೆ ಬರುವಾಗ ಮಸೀದಿಯಿಂದ ಉಪವಾಸ ಬಿಡುವ ಹೊತ್ತಿನ ಅಜಾನ್ ಕೇಳಿಸಿತು. ಓದಿ ಮುಗಿಯುವವರೆಗೆ ಮೂವರಲ್ಲಿ ಯಾರೂ ನೀರಿಗೆ ಕೈ ಚಾಚಲಿಲ್ಲ.