ಉಳ್ಳಾಗಡ್ಡಿ ಸಾರು

ಬಾಗಿಲಲ್ಲಿ ನಿಂತಿದ್ದ ಕೆಂಪು ಪೇಟದವನು ಸೆಲ್ಯೂಟ್ ಹೊಡೆದ ಕೂಡಲೇ ಗುರುಬಸವರಾಜಣ್ಣನೂ ಕಾಲು ಜೋಡಿಸಿ ನಿಂತು ತಿರುಗಿ ಸೆಲ್ಯೂಟ್ ಹೊಡೆದರು. ಅಷ್ಟಕ್ಕೇ ಬಿಡದೆ "ಊಟಾತೇನಪ್ಪ?" ಎಂದೂ ಕೇಳಿದರು. ಪೇಟದವನು ಇನ್ನೊಂದು ಸೆಲ್ಯೂಟ್ ಹೊಡೆದ.

"ಸಾಕು ಬರ್ರಿ. ಅವಗ ಅದ ಕೆಲಸ ಐತಿ, ನಿಮಗೇನೈತಿ" ಎಂದು ಕೊಟ್ರಮ್ಮ ಗಂಡನ ತೋಳು ಜಗ್ಗಿದರು. ಆದರೆ ಅವರ ಕಣ್ಣೂ ಒಂದು ಕಡೆ ನಿಲ್ಲುತ್ತಿರಲಿಲ್ಲ. ಕನ್ನಡಿಯಂಥ ನೆಲದಲ್ಲಿ ತಮ್ಮ ರೇಷ್ಮೆ ಸೀರೆಯ ಅಂಚು ಕಾಣುವುದನ್ನು ನೋಡಿ ಎರಡು ಹೆಜ್ಜೆ ಬೇಕೆಂದೇ ನಿಧಾನ ನಡೆದರು. ಹಿಂದೆ ಬರುತ್ತಿದ್ದ ಕ್ರಾಂತಿಕುಮಾರ್ ಅಂಗಿಯ ಜೇಬು ಮುಟ್ಟಿ ನೋಡಿಕೊಂಡ. ಕೂಪನ್ ಇತ್ತು.

ಕೂಪನ್ ಬಂದು ಹದಿನೈದು ದಿನವಾಗಿತ್ತು. ಆ ವರ್ಷ ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ಯಾವ ಅಂಗಡಿಯೂ ಮಾರದಷ್ಟು ಉಳ್ಳಾಗಡ್ಡಿ ಬೀಜವನ್ನು ಕೊಟ್ಟೂರಿನ ಗುರುಬಸವರಾಜಣ್ಣ ಮಾರಿದ್ದರು. ಬೀಜದ ಕಂಪನಿಯವರು ಮೆಚ್ಚಿ, ಹಗರಿಬೊಮ್ಮನಹಳ್ಳಿ ದಾಟಿ ಹಿನ್ನೀರಿನ ದಂಡೆಗೆ ಹೊಸದಾಗಿ ಎದ್ದಿದ್ದ ರೆಸಾರ್ಟಿನಲ್ಲಿ ಗಂಡ ಹೆಂಡತಿಗೆ ಒಂದು ಭಾನುವಾರದ ಊಟ ಇಟ್ಟಿದ್ದರು. ಅದಿರಿನ ದುಡ್ಡಿನಲ್ಲಿ ಕಟ್ಟಿದ ರೆಸಾರ್ಟು. ಹಂಪಿ ನೋಡಲು ಬರುವ ಬಿಳಿಯರು, ಅದಿರು ಕೊಳ್ಳಲು ಬರುವ ಚೀನಾದವರು ಉಳಿಯುವ ಜಾಗ. ಗುರುಬಸವರಾಜಣ್ಣ ಕೂಪನ್ನನ್ನು ಅಂಗಡಿಗೆ ಬಂದವರಿಗೆಲ್ಲ ತೋರಿಸಿದ್ದರು. ಬೀಜ ಕೊಳ್ಳದೆ ಬರೀ ಕೂಪನ್ ನೋಡಿ ಹೋದವರೂ ಇದ್ದರು. ಕೊಟ್ರಮ್ಮನಂತೂ ಹಸಿದು ಹೋದರೇ ಊಟಕ್ಕೆ ಮರ್ಯಾದೆ ಎಂದು ಬೆಳಿಗ್ಗೆಯಿಂದ ಒಂದು ಲೋಟ ಚಹಾದ ಮೇಲೆ ಇದ್ದರು.

ಊಟ ಇದ್ದದ್ದು ರೆಸಾರ್ಟಿನ ಸ್ಟೀಕ್ ಹೌಸಿನಲ್ಲಿ. "ಸ್ಟೀಕ್ ಅಂದ್ರೇನಲೇ ಕ್ರಾಂತಿ?" ಎಂದು ಗುರುಬಸವರಾಜಣ್ಣ ಕೇಳಿದ್ದಾಗ ಕಂಪನಿಯ ಫೀಲ್ಡ್ ಆಫೀಸರ್ ಆಗಿದ್ದ ಅವನು, "ಕೆಂಡದ ಮ್ಯಾಲೆ ಸುಟ್ಟು ಮಾಡೋ ಅಡಿಗಿ ಅಣ್ಣಾರ. ವೆಜ್ಜೂ ಸಿಗತೈತಿ, ಫೋನ್ ಮಾಡಿ ಕೇಳೀನಿ" ಎಂದಿದ್ದ. ಹೇಳಿದ್ದು ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ. ಕೂಪನ್ನಿನ ಮೇಲಿದ್ದ ಚಿತ್ರವನ್ನು ಗುರುಬಸವರಾಜಣ್ಣ ಸುಟ್ಟ ಬದನೆಕಾಯಿ ಎಂದುಕೊಂಡಿದ್ದರು. ಅದು ಬದನೆಕಾಯಿಯಲ್ಲ, ಅಂಗೈ ದಪ್ಪದ ದನದ ಮಾಂಸದ ತುಂಡು ಎಂದು ಕ್ರಾಂತಿಗೆ ಮೊದಲ ನೋಟಕ್ಕೇ ಗೊತ್ತಾಗಿತ್ತು. ಅಂದಿನಿಂದ ಅವನಿಗೆ ಸರಿಯಾಗಿ ನಿದ್ದೆ ಇರಲಿಲ್ಲ.

ಆಸೆ ಅಂದರೆ ಅಂಥ ಆಸೆ. ನಾಲ್ಕು ವರ್ಷದಿಂದ ಅವನು, ಅವನ ಹೆಂಡತಿ ಮಂಜಮ್ಮ ಗುರುಬಸವರಾಜಣ್ಣನ ಮನೆಯ ಮಹಡಿಯ ಮೇಲೆ ಬಾಡಿಗೆಗೆ ಇದ್ದರು. ಆ ನಾಲ್ಕು ವರ್ಷದಲ್ಲಿ ಮಹಡಿಯ ಮೇಲೆ ಒಂದು ಮೊಟ್ಟೆ ಕೂಡ ಒಡೆದಿರಲಿಲ್ಲ. ಕೊಟ್ಟೂರಿನಲ್ಲಿ ಆ ಮನೆ ಸಿಗುವ ಮೊದಲು ಅವನು ಆರು ಮನೆಯ ಬಾಗಿಲು ತಟ್ಟಿದ್ದ. ಎಲ್ಲ ಕಡೆ ಕುಡಿಯಲು ನೀರು ಕೊಡುವ ಮೊದಲೇ "ನಿಮ್ಮ ಮನಿದೇವ್ರು ಯಾವುದಪ್ಪ?" ಎಂದು ಕೇಳುತ್ತಿದ್ದರು. ಅವನು ನಿಜ ಹೇಳುತ್ತಿದ್ದ, ಮನೆ ಇದ್ದಕ್ಕಿದ್ದಂತೆ ಯಾವನೋ ಅಳಿಯನಿಗೆ ನಿಕ್ಕಿಯಾಗಿರುತ್ತಿತ್ತು. ಏಳನೆಯ ಮನೆಯಲ್ಲಿ ಕೊಟ್ರಮ್ಮ ಕೇಳಿದಾಗ "ಹುಲಿಗೆಮ್ಮ" ಎಂದ. ಹುಲಿಗೆಮ್ಮನಿಗೆ ಎಲ್ಲ ಜನವೂ ನಡೆದುಕೊಳ್ಳುತ್ತಾರೆ. ಆ ಉತ್ತರದಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಅವನ ಅಪ್ಪ ದಲಿತ ಸಂಘದವರ ಮಾತು ಕೇಳಿ ಇಟ್ಟ ಹೆಸರನ್ನು ಕೊಟ್ರಮ್ಮ ಸಂಕ್ರಾಂತಿಯಂದು ಹುಟ್ಟಿದ್ದಕ್ಕೆ ಇಟ್ಟದ್ದೆಂದು ತಾವೇ ತೀರ್ಮಾನಿಸಿ ವರ್ಷ ವರ್ಷ ಅಂದು ಅವನಿಗೆ ಎಳ್ಳು ಬೆಲ್ಲ ಕೊಡುತ್ತಿದ್ದರು. ಅವನು ಹುಟ್ಟಿದ್ದು ಆಷಾಢದಲ್ಲಿ. ಈಗ ಮಂಜಮ್ಮ ತೆಲಿಗಿಯ ತವರಿನಲ್ಲಿ ಬಾಣಂತಿ. ಬರುವ ತಿಂಗಳು ಕೂಸನ್ನು ಎತ್ತಿಕೊಂಡು ಆ ಮಹಡಿಗೇ ಬರಬೇಕಿತ್ತು.

ಕ್ರಾಂತಿಯ ಲೆಕ್ಕಾಚಾರ ಸರಳವಾಗಿತ್ತು. ಗಂಡ ಹೆಂಡತಿ ಒಂದು ಮೇಜಿಗೆ, ತಾನು ಮತ್ತು ಕಂಪನಿಯ ಮ್ಯಾನೇಜರು ದೂರದ ಇನ್ನೊಂದು ಮೇಜಿಗೆ. ಮ್ಯಾನೇಜರು ತಾನು ಬರುತ್ತಿಲ್ಲವೆಂದು ಬೆಳಿಗ್ಗೆ ಫೋನ್ ಮಾಡಿದ್ದ.

"ಮೂರು ಮಂದಿ ಒಂದ ಕಡೆ ಕುಂದ್ರೂಣು. ಇಂಗ್ಲೀಷಿನ್ಯಾಗ ಬರದದ್ದು ನೀ ಇರದಿದ್ರ ಯಾರು ಓದಬೇಕು?" ಎಂದು ಗುರುಬಸವರಾಜಣ್ಣ ಅವನ ಹೆಗಲ ಮೇಲೆ ಕೈ ಹಾಕಿ ಕಿಟಕಿ ಪಕ್ಕದ ಮೇಜಿಗೆ ಕರೆದೊಯ್ದರು.

ಗಾಜಿನಾಚೆ ಹಿನ್ನೀರು ಬಿಸಿಲಿಗೆ ಥಳಥಳ ಹೊಳೆಯುತ್ತಿತ್ತು. ಬಿಳಿ ಬಟ್ಟೆ ಹಾಸಿದ ಮೇಜು, ಕೊಕ್ಕರೆಯಂತೆ ಮಡಿಚಿಟ್ಟ ಕರವಸ್ತ್ರ, ಕುರ್ಚಿಯಲ್ಲಿ ಕೂತರೆ ಮೊಳ ಒಳಗಿಳಿಯುವ ಮೆತ್ತೆ. ಗುರುಬಸವರಾಜಣ್ಣ ತಟ್ಟೆಯ ಪಕ್ಕದ ಚೂರಿ ಎತ್ತಿ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು. "ಇದರಾಗ ಬೀಜದ ಚೀಲ ಹರಿಬಹುದು" ಎಂದು ಹೆಂಡತಿಗೆ ತೋರಿಸಿದರು.

ಕೊಟ್ರಮ್ಮನ ಲಕ್ಷ್ಯ ಅಲ್ಲಿರಲಿಲ್ಲ. ಪಕ್ಕದ ಮೇಜಿನ ಬಿಳಿಯನೊಬ್ಬನ ಮುಂದೆ ಚುರುಗುಡುವ ಕಬ್ಬಿಣದ ತಟ್ಟೆ ಬಂದು ಕೂತಿತ್ತು.

"ಅದೇನಪ್ಪಾ ಕ್ರಾಂತಿ?"

"ಮಾಂಸ, ಅಕ್ಕಾರ."

ಕೊಟ್ರಮ್ಮ ಸೆರಗನ್ನು ಮೂಗಿಗೆ ಹಿಡಿದರು. ಸ್ವಲ್ಪ ಹೊತ್ತಿಗೆ ಸೆರಗು ತಾನಾಗಿ ಇಳಿಯಿತು. ಬೆಣ್ಣೆ, ಮೆಣಸು, ಸುಟ್ಟ ಬೆಳ್ಳುಳ್ಳಿಯ ವಾಸನೆ ಬಿಟ್ಟರೆ ಅಲ್ಲಿ ಹೇಸುವಂಥದ್ದು ಏನೂ ಇರಲಿಲ್ಲ. ಮೇಲಾಗಿ ಹೊಟ್ಟೆ ಖಾಲಿ. "ಹೋಗಲಿ ಬಿಡ್ರಿ. ನಮ್ಮ ತಾಟಿಗೆ ಬರದಿದ್ರ ಆತು" ಎಂದರು. "ಊರಾಗ ಮಾತ್ರ ಈ ಸುದ್ದಿ ಬ್ಯಾಡ."

ಮಾಣಿ ಬಂದ. ಕಪ್ಪು ಕೋಟು, ಬೆಂಗಳೂರಿನ ಕನ್ನಡ. ಕ್ರಾಂತಿ ಮೆನು ಓದುತ್ತ ಹೋದ. ಮಾಂಸದ ಪುಟಗಳನ್ನು ಬೇಗ ಬೇಗ ಮಗುಚಿದನಾದರೂ ಒಂದೊಂದು ಹೆಸರಿಗೂ ಬಾಯಲ್ಲಿ ನೀರು ಬಂದು ನುಂಗಿಕೊಳ್ಳಬೇಕಾಯಿತು. ಕೊನೆಯ ಪುಟದಲ್ಲಿ ಉಳ್ಳಾಗಡ್ಡಿ ಸೂಪು ಸಿಕ್ಕಿತು.

"ನಿಲ್ಲು, ನಿಲ್ಲು" ಎಂದು ಗುರುಬಸವರಾಜಣ್ಣ ಮೇಜು ಬಡಿದರು. "ಉಳ್ಳಾಗಡ್ಡಿ ಅಂದ್ರ ನಮ್ಮದ. ನಮ್ಮ ಬೀಜದ್ದ ಇರಬಹುದು, ಯಾರಿಗೊತ್ತು. ಮೂರೂ ಅದ ತರಲಿ."

"ಪೂರ್ತಿ ವೆಜ್ ಹೌದಲ್ಲ?" ಎಂದು ಕ್ರಾಂತಿ ಮಾಣಿಯನ್ನು ಕೇಳಿದ.

"ಈರುಳ್ಳಿ ಸರ್. ಮೇಲೆ ಬ್ರೆಡ್ಡು, ಚೀಸ್. ಪೂರ್ತಿ ವೆಜ್."

ಸೂಪು ಬಂತು. ಕೆಂಪಗೆ ಹುರಿದ ಉಳ್ಳಾಗಡ್ಡಿ, ಮೇಲೆ ಬಂಗಾರದ ಬಣ್ಣದ ಕೆನೆ. ಕೊಟ್ರಮ್ಮ ಲಿಂಗಕ್ಕೆ ತೋರಿಸದೆ ಒಂದು ತುತ್ತನ್ನೂ ಬಾಯಿಗಿಟ್ಟವರಲ್ಲ. ಕೊರಳಿನ ಬೆಳ್ಳಿ ಕರಡಿಗೆಯನ್ನು ಅಂಗೈಯಲ್ಲಿ ಹಿಡಿದು ಕಣ್ಣು ಮುಚ್ಚಿದರು. ಗುರುಬಸವರಾಜಣ್ಣ ಕರವಸ್ತ್ರದ ಕೊಕ್ಕರೆಯನ್ನು ಬಿಚ್ಚಲೋ ಬೇಡವೋ ಎಂದು ತಿರುವಿ ತಿರುವಿ ನೋಡುತ್ತಿದ್ದರು. ಕ್ರಾಂತಿ ಅಷ್ಟು ಕಾಯಲಿಲ್ಲ, ಒಂದು ಚಮಚ ಬಾಯಿಗಿಟ್ಟ.

ಮೊದಲು ಉಳ್ಳಾಗಡ್ಡಿಯ ಸಿಹಿ, ಆಮೇಲೆ ಬೆಣ್ಣೆ. ಅದರ ಹಿಂದಿನಿಂದ ಅವನ ಅವ್ವ ಹಂಪಮ್ಮ ಬಂದಳು. ಹರಪನಹಳ್ಳಿ ಕಡೆಯ ಅರಸೀಕೆರೆಯ ಮನೆಯ ಹಿತ್ತಲು, ಮೂರು ಕಲ್ಲಿನ ಒಲೆ, ಬೆಳಿಗ್ಗೆ ಇಟ್ಟರೆ ಮಧ್ಯಾಹ್ನದವರೆಗೆ ಕುದಿಯುವ ಎಲುಬು, ಕೆಂಡದಲ್ಲಿ ಸುಟ್ಟು ಜಜ್ಜಿ ಹಾಕಿದ ಉಳ್ಳಾಗಡ್ಡಿ, ತುಟಿಗೆ ತುಟಿ ಅಂಟಿಸುವ ಆ ಸಾರಿನ ಜಿಗುಟು. ನಿಜ ಹೇಳಬೇಕೆಂದರೆ ಅವನಿಗೆ ಮೊದಲು ಆದದ್ದು ಭಯವಲ್ಲ, ಸಂತೋಷ. ಅವ್ವ ಹಿತ್ತಲ ಬಾಗಿಲು ಹಾಕಿಕೊಂಡು ಕುದಿಸುತ್ತಿದ್ದ ಸಾರು ಇಲ್ಲಿ ಪಿಂಗಾಣಿ ಬಟ್ಟಲಲ್ಲಿ, ಕೋಟು ಹಾಕಿದವನ ಕೈಯಿಂದ ಬಂದಿತ್ತು. ಅವನು ಎರಡನೆಯ ಚಮಚ ತುಂಬಿದ.

ಆಗ ಎದುರಿಗೆ ಕಣ್ಣು ಮುಚ್ಚಿ ಕೂತಿದ್ದ ಕೊಟ್ರಮ್ಮ ಕಂಡರು.

ಸುಮ್ಮನಿದ್ದರೆ ಆಯಿತು. ಅವರು ಕುಡಿಯುತ್ತಾರೆ, ಚಪ್ಪರಿಸುತ್ತಾರೆ, ನಾಳೆ ಓಣಿಗೆಲ್ಲ ಈ ಸಾರಿನ ವರ್ಣನೆ ಮಾಡುತ್ತಾರೆ. ಯಾರಿಗೂ ಗೊತ್ತಾಗುವುದಿಲ್ಲ. ಹೇಳಿದರೆ ಮಾತ್ರ, ನಿನಗೆ ಹೇಗೆ ಗೊತ್ತು ಎಂದು ಕೇಳುತ್ತಾರೆ. ಆ ಪ್ರಶ್ನೆಯ ಆಚೆ ಮಹಡಿಯ ಮನೆಯಿಲ್ಲ. ಮಂಜಮ್ಮ ಕೂಸಿನೊಂದಿಗೆ ಬಂದರೆ ಎಂಟನೆಯ ಬಾಗಿಲು ತಟ್ಟಬೇಕು. ಕೊಟ್ರಮ್ಮ ಕಣ್ಣು ತೆರೆದು ಚಮಚ ಎತ್ತಿದರು.

"ಅಕ್ಕಾರ, ಬ್ಯಾಡ್ರಿ" ಎಂದ ಕ್ರಾಂತಿ. ದನಿ ತಾನಂದುಕೊಂಡದ್ದಕ್ಕಿಂತ ಜೋರಾಗಿತ್ತು. "ಅಣ್ಣಾರ, ನೀವೂ ಮುಟ್ಟಬ್ಯಾಡ್ರಿ. ಇದು ದನದ ಎಲುಬಿನ ಸಾರು."

ಗುರುಬಸವರಾಜಣ್ಣ ನಕ್ಕರು. "ಹುಚ್ಚದಿಯೇನಲೇ. ಮೂವತ್ತು ವರ್ಷ ಉಳ್ಳಾಗಡ್ಡಿ ಬೀಜ ಮಾರೀನಿ, ನಂಗ ಉಳ್ಳಾಗಡ್ಡಿ ಗೊತ್ತಾಗೂದಿಲ್ಲೇನು?"

ಮಾಣಿಯೂ ನಕ್ಕು, ಪೂರ್ತಿ ವೆಜ್ ಎಂದು ಇನ್ನೊಮ್ಮೆ ಹೇಳಿದ. "ಒಳಗ ಹೋಗಿ ಕೇಳಿ ಬರ್ರಿ" ಎಂದ ಕ್ರಾಂತಿ. ಅವನ ಮುಖ ನೋಡಿ ಮಾಣಿ ಎದುರಾಡದೆ ಅಡುಗೆಮನೆಯ ಕಡೆ ನಡೆದ.

ಕೊಟ್ರಮ್ಮ ಚಮಚವನ್ನು ಕೆಳಗಿಟ್ಟಿದ್ದರು. "ಕ್ರಾಂತಿ" ಎಂದರು ಮೆಲ್ಲಗೆ, "ತಂದುಕೊಟ್ಟವಗ ಗೊತ್ತಿಲ್ಲ. ನಿಂಗ ಹೆಂಗ ಗೊತ್ತಾತು?"

ಸುಳ್ಳುಗಳು ಒಂದರ ಹಿಂದೊಂದು ಬಾಯಿಯವರೆಗೆ ಬಂದವು. ಯಾರೋ ಸ್ನೇಹಿತ ಹೇಳಿದ್ದ, ಎಲ್ಲೋ ಓದಿದ್ದೆ, ವಾಸನೆ ಬಂತು. ಯಾವುದೂ ಬಾಯಿಂದಾಚೆ ಬರಲಿಲ್ಲ. ಅವ್ವನ ಸಾರಿನ ರುಚಿ ಇನ್ನೂ ನಾಲಿಗೆಯ ಮೇಲಿತ್ತು. ಅದನ್ನು ಇಟ್ಟುಕೊಂಡು ಸುಳ್ಳು ಹೇಳಲು ಅವನಿಗೆ ನಾಚಿಕೆಯಾಯಿತು.

"ನಮ್ಮವ್ವ ಮಾಡತಿದ್ಲು, ಅಕ್ಕಾರ. ಇದ ಸಾರು. ಹುಟ್ಟಿದಾಗಿಂದ ಉಂಡೀನಿ, ಮರಿಯೂದಿಲ್ಲ."

ಗುರುಬಸವರಾಜಣ್ಣನ ನಗು ಮುಖದ ಮೇಲೇ ನಿಂತುಬಿಟ್ಟಿತು. ಅವರು ಹೆಂಡತಿಯನ್ನು ನೋಡಿದರು. ಕೊಟ್ರಮ್ಮ ಹಿನ್ನೀರನ್ನು ನೋಡುತ್ತಿದ್ದರು. ಅಷ್ಟರಲ್ಲಿ ಎತ್ತರದ ಟೋಪಿಯ ಅಡುಗೆಯವನು ಮಾಣಿಯನ್ನು ಹಿಂದೆ ಹಾಕಿಕೊಂಡು ಓಡುತ್ತಲೇ ಬಂದ. ಸೂಪಿಗೆ ಎಲುಬಿನ ರಸ ಹಾಕುವುದು ನಿಜವೆಂದೂ, ಮಾಣಿ ಹೊಸಬನೆಂದೂ, ದಯವಿಟ್ಟು ಕ್ಷಮಿಸಬೇಕೆಂದೂ, ಬೇರೆ ಒಲೆಯ ಮೇಲೆ ಹೊಸ ಅಡುಗೆ ಮಾಡಿಸಿ ತರುತ್ತೇನೆಂದೂ ಒಂದೇ ಉಸಿರಿಗೆ ಹೇಳಿ, ಮೂರೂ ಬಟ್ಟಲು ಎತ್ತಿಸಿಕೊಂಡು ಹೋದ.

ಮೇಜು ಖಾಲಿಯಾಯಿತು. ಪಕ್ಕದ ಬಿಳಿಯನ ಚೂರಿ ತಟ್ಟೆಗೆ ತಾಗುವ ಸದ್ದು ಕೇಳುತ್ತಿತ್ತು.

"ಈ ತಿಂಗಳಾಗ ಮನಿ ಖಾಲಿ ಮಾಡತೀನ್ರಿ ಅಣ್ಣಾರ" ಎಂದ ಕ್ರಾಂತಿ. ಹೇಳಿದ ಮೇಲೆ ಮೈ ಹಗುರಾಯಿತು. ಅದು ಅವನಿಗೇ ಆಶ್ಚರ್ಯ.

ಗುರುಬಸವರಾಜಣ್ಣ ಕೊಕ್ಕರೆಯಂತಿದ್ದ ಕರವಸ್ತ್ರವನ್ನು ಬಿಚ್ಚಿ ಹಣೆ ಒರೆಸಿಕೊಂಡರು. "ಎದ್ದು ಹೋಗೂಣೇನು?" ಎಂದು ಹೆಂಡತಿಯನ್ನು ಕೇಳಿದರು.

"ಹಸಿವಾಗೈತಿ" ಎಂದರು ಕೊಟ್ರಮ್ಮ, ಕಿಟಕಿಯಿಂದ ಮುಖ ತಿರುಗಿಸದೆ.

ಅಡುಗೆ ಬರಲು ಬಹಳ ಹೊತ್ತು ಹಿಡಿಯಿತು. ಕೊನೆಗೆ ಮಾಣಿ ಮೂರು ತಟ್ಟೆ ತಂದಿಟ್ಟ. ಬೆಣ್ಣೆಯಲ್ಲಿ ಬಾಡಿಸಿದ ಹೂಕೋಸು, ಅದರ ಮೇಲೆ ಹಳದಿ ಗೊಜ್ಜಿನಂಥದ್ದೇನೋ. "ಇದು ಗ್ಯಾರಂಟಿ ವೆಜ್ ಮೇಡಂ. ನಾನೇ ನಿಂತು ಮಾಡಿಸಿದ್ದೇನೆ" ಎಂದ.

"ನೀ ಆಗಲೂ ಹಂಗ ಅಂದಿದ್ದೆಪ್ಪ" ಎಂದರು ಕೊಟ್ರಮ್ಮ.

ಅವರು ತಟ್ಟೆಯನ್ನು ಒಂದಷ್ಟು ಹೊತ್ತು ನೋಡಿದರು. ಆಮೇಲೆ ಚಮಚ ಎತ್ತಿ, ಒಂದು ಚೂರು ಹೂಕೋಸನ್ನು ಗೊಜ್ಜಿನೊಂದಿಗೆ ತುಂಬಿ, ಮೇಜಿನ ಮೇಲಿಂದ ಕ್ರಾಂತಿಯ ಕಡೆ ಚಾಚಿದರು.

"ನೋಡಿ ಹೇಳು."

ಕ್ರಾಂತಿ ತನ್ನ ಚಮಚಕ್ಕಾಗಿ ಕರವಸ್ತ್ರದ ಕೆಳಗೆ ತಡಕಾಡಿದ.

"ಅದನ್ನೇನು ಹುಡುಕತಿ, ಇದರಾಗ ತಿನ್ನು. ಕೈ ನೋಯಾಕತ್ತೈತಿ."

ಅವನು ಮುಂದೆ ಬಾಗಿ ಅವರ ಕೈಯಿಂದಲೇ ಬಾಯಿಗೆ ತೆಗೆದುಕೊಂಡ. ಇಷ್ಟು ಜಾಗ್ರತೆಯಿಂದ ಅವನು ಜೀವಮಾನದಲ್ಲಿ ಏನನ್ನೂ ಅಗಿದಿರಲಿಲ್ಲ.

"ಏನೂ ಇಲ್ಲ, ಅಕ್ಕಾರ. ಹೂಕೋಸು, ಬೆಣ್ಣಿ, ಮೆಣಸು."

"ಖರೇವಂದ್ರೂ?"

"ಖರೇವಂದ್ರೂ."

ಎಂಜಲಾದ ಚಮಚ ಬದಲಿಸಬೇಕೆಂದು ಕಲಿತದ್ದನ್ನು ಮಾಣಿ ಮರೆತವನಲ್ಲ. ಬಿಳಿ ಬಟ್ಟೆಯಲ್ಲಿ ಸುತ್ತಿದ ಹೊಸ ಚಮಚ ಹಿಡಿದು ಓಡಿ ಬಂದು, ಕೊಟ್ರಮ್ಮನ ಕೈಯಲ್ಲಿದ್ದುದನ್ನು ತೆಗೆದುಕೊಳ್ಳಲು ಕೈ ಚಾಚಿದ. "ಇರಲಿ ಬಿಡು" ಎಂದು ಅವರು ಕರಡಿಗೆಯನ್ನು ಒಮ್ಮೆ ಹಿಡಿದು ಕಣ್ಣು ಮುಚ್ಚಿ, ಅದೇ ಚಮಚವನ್ನು ಗೊಜ್ಜಿನಲ್ಲಿ ಅದ್ದಿ ತಿನ್ನತೊಡಗಿದರು. ಬೆಳಿಗ್ಗೆಯಿಂದ ಹಸಿದವರು, ತಲೆ ಎತ್ತಲಿಲ್ಲ.

ಗುರುಬಸವರಾಜಣ್ಣ ಹೆಂಡತಿ ತಿನ್ನುವುದನ್ನು ನೋಡಿದರು. ಕುರ್ಚಿಯಲ್ಲಿ ಅರ್ಧ ತಿರುಗಿ ಒಂದೊಂದೇ ಮೇಜನ್ನು ನೋಡಿದರು. ಬಿಳಿಯರಿದ್ದರು, ಚೀನಾದವರಿದ್ದರು, ಕೊಟ್ಟೂರಿನವರು ಯಾರೂ ಇರಲಿಲ್ಲ. ಅವರು ಒಮ್ಮೆ ಕೆಮ್ಮಿ, "ಇದನ್ನೂ ನೋಡಲೇ" ಎಂದು ತಮ್ಮ ತಟ್ಟೆಯನ್ನು ಒಂದು ಬೆರಳಿನಿಂದ ಮೆಲ್ಲಗೆ ಕ್ರಾಂತಿಯ ಮುಂದಕ್ಕೆ ತಳ್ಳಿದರು.