ಕಾಣೆಯಾಗಿದ್ದ ರಬ್ಬರ್ ಎಸಳು

"ಚಿಕ್ಕಪ್ಪ, ಎಂಜಿನ್ ವಿಪರೀತ ಕಾಯ್ತಾ ಇದೆ. ನಡುಹೊಳೇಲಿ ಬಿಸಿ ತೋರ್ಸೋ ಮೀಟರಿನ ಮುಳ್ಳು ಕೆಂಪಿಗೆ ಹೋಯ್ತು. ಹೇಗೋ ದಡ ಮುಟ್ಟಿಸಿದೆ," ಎಂದು ಅಣ್ಣನ ಮಗಳು ಮೆಕ್ಯಾನಿಕ್‌ಗೆ ಫೋನ್ ಮಾಡಿದಳು. ಅದೇ ಬೋಟು, ಅದೇ ದೂರು. ಮೂರು ವರ್ಷದ ಹಿಂದೆ ಅಣ್ಣನೂ ಇದನ್ನೇ ಹೇಳಿದ್ದ.

ಅಣ್ಣ ಇಪ್ಪತ್ತೆರಡು ವರ್ಷ ಆ ಬೋಟಿನಲ್ಲಿ ಜನರನ್ನು ಹೊಳೆ ದಾಟಿಸಿದವನು. ಎಂಜಿನ್ ಕಾಯತೊಡಗಿದಾಗ ತಮ್ಮನನ್ನೇ ಕರೆಸಿದ್ದ. ದಡದಲ್ಲಿ ಕಟ್ಟಿಹಾಕಿ ನಿಧಾನಕ್ಕೆ ಓಡಿಸಿ ನೋಡಿದರೆ ಮುಳ್ಳು ಅಲುಗಲಿಲ್ಲ. "ಎಂಜಿನ್ ಗುಂಡುಕಲ್ಲಿನ ಹಾಗಿದೆ. ನೀನು ಮೈಮೇಲೆ ಬಂದೋರ ಹಾಗೆ ಓಡಿಸ್ತೀಯ, ಅಷ್ಟೇ," ಎಂದು ಬೋಟಿನ ಮಾಲೀಕರ ಎದುರಿಗೇ ತಮ್ಮ ಹೇಳಿಬಿಟ್ಟ. ಅವರು ಅಣ್ಣನನ್ನು ಚುಕ್ಕಾಣಿಯಿಂದ ಇಳಿಸಿ ಹಗ್ಗ ಕಟ್ಟುವ ಕೆಲಸಕ್ಕೆ ಹಾಕಿದರು. ಆಮೇಲೆ ಬಂದ ಡ್ರೈವರ್ ಆಮೆಯಂತೆ ಓಡಿಸುತ್ತಿದ್ದ. ಎಂಜಿನ್ ಕಾಯಲೇ ಇಲ್ಲ. ತಪ್ಪು ಅಣ್ಣನದೇ ಎಂದು ಊರೆಲ್ಲ ಷರಾ ಬರೆಯಿತು. ಅಣ್ಣ ತಮ್ಮನ ಮನೆಯ ಹೊಸಿಲು ತುಳಿಯುವುದನ್ನೇ ಬಿಟ್ಟ. ಹೋದ ವರ್ಷ ಕೈಯಲ್ಲಿ ಹಗ್ಗ ಹಿಡಿದಿರುವಾಗಲೇ ಎದೆನೋವು ಬಂದು, ಕುಸಿದು ಬಿದ್ದು ತೀರಿಕೊಂಡ. ಆ ಡ್ರೈವರ್ ಕೆಲಸ ಬಿಟ್ಟುಹೋದ ಮೇಲೆ, ಈ ತಿಂಗಳಷ್ಟೇ ಅಣ್ಣನ ಮಗಳು ಚುಕ್ಕಾಣಿ ಹಿಡಿದಿದ್ದಳು.

ಈ ಸಲ ಮೆಕ್ಯಾನಿಕ್ ದಡದಲ್ಲಿ ಪರೀಕ್ಷೆ ಮಾಡಲಿಲ್ಲ. "ನಡಿ, ನಡುಹೊಳೆಗೇ ಹೋಗೋಣ," ಎಂದ.

ನಿಧಾನಕ್ಕೆ ಹೋಗುವಾಗ ಮುಳ್ಳು ತೆಪ್ಪಗಿತ್ತು. ಹರಿವಿಗೆ ಎದುರಾಗಿ ವೇಗ ಏರಿಸಿದ್ದೇ ತಡ, ಸರಸರನೆ ಮೇಲೇರಿತು.

"ನೋಡಿದ್ರಾ? ನಾನೇನೂ ಅಡ್ಡಾದಿಡ್ಡಿ ಓಡಿಸ್ತಿಲ್ಲ."

ಹಿಂತಿರುಗಿ, ಎಂಜಿನ್ ತಣಿಯುವವರೆಗೆ ಕಾದು, ಒಂದೊಂದಾಗಿ ಬಿಚ್ಚಿದ. ಹೊಳೆಯ ನೀರು ಒಳಬರುವ ಜಾಲರಿಯಲ್ಲಿ ಕಸವಿರಲಿಲ್ಲ. ಬೆಲ್ಟು ಬಿಗಿಯಾಗಿತ್ತು. ನೀರೆತ್ತುವ ಪಂಪಿನ ರಬ್ಬರ್ ಚಕ್ರದ ಎಸಳುಗಳೆಲ್ಲ ನೆಟ್ಟಗಿದ್ದವು. ಉಳಿದದ್ದು ಕೂಲರ್ ಒಂದೇ. ಅದರ ಸಣ್ಣ ಕೊಳವೆಗಳಲ್ಲಿ ಹೊಳೆಯ ನೀರು ಹರಿದೇ ಎಂಜಿನ್ ತಣ್ಣಗಾಗಬೇಕು. ಮುಚ್ಚಳ ತೆಗೆದು ಬೆರಳು ಹಾಕಿದ. ಮೆತ್ತಗೇನೋ ತಗುಲಿತು.

ಮುರಿದ ರಬ್ಬರ್ ಎಸಳು.

ಅವನಿಗೆ ಎಲ್ಲ ನೆನಪಾಯಿತು. ಅಣ್ಣನ ದೂರಿಗೂ ಮುಂಚೆ ಆ ಚಕ್ರವನ್ನು ಬದಲಾಯಿಸಿದವನು ಅವನೇ. ಹಳೆಯದರಲ್ಲಿ ಒಂದು ಎಸಳು ಇರಲಿಲ್ಲ. ಸಿಗುವವರೆಗೂ ಹುಡುಕಬೇಕಿತ್ತು. ಆವತ್ತು ಇನ್ನೆರಡು ಬೋಟು ಕಾಯುತ್ತಿದ್ದವು. ನೀರಿನ ಜೊತೆ ಕೊಚ್ಚಿಹೋಗಿರಬೇಕು ಎಂದು ಕೈತೊಳೆದುಕೊಂಡಿದ್ದ. ಅದು ಇಲ್ಲೇ ಇತ್ತು. ಎಂಜಿನ್ ನಿಧಾನವಾಗಿದ್ದು ಕೂಲರಿನೊಳಗೆ ನೀರಿನ ಹರಿವು ಕಡಿಮೆಯಿದ್ದಾಗ ತಳದಲ್ಲಿ ಬಿದ್ದಿರುತ್ತಿತ್ತು, ಜೋರಾದಾಗ ಎದ್ದು ಕೊಳವೆಗಳ ಬಾಯಿಗೆ ಅಂಟಿಕೊಳ್ಳುತ್ತಿತ್ತು.

ಹುಡುಗಿ ಆಚೆ ತಿರುಗಿ ಪೈಪು ಸುತ್ತುತ್ತಿದ್ದಳು. ಹೊಳೆಗೆ ಎಸೆದುಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಕೈ ಬೋಟಿನ ಅಂಚಿನವರೆಗೂ ಹೋಯಿತು.

"ಏನಾದ್ರೂ ಸಿಕ್ತಾ ಚಿಕ್ಕಪ್ಪ?"

"ಸಿಕ್ತು," ಎಂದು ಅಂಗೈ ಬಿಚ್ಚಿದ. "ಇದು ನನ್ನ ತಪ್ಪು ಮಗಳೇ. ನಿಮ್ಮಪ್ಪ ಸರಿಯಾಗೇ ಓಡಿಸ್ತಿದ್ದ."

ಎಲ್ಲ ಕೇಳಿಸಿಕೊಂಡು ಅವಳು ಎಸಳನ್ನು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. ಕೊನೆಗೆ, "ಅಮ್ಮನಿಗೆ ನೀವೇ ಹೇಳಿ. ನನ್ನ ಕೈಲಾಗಲ್ಲ," ಎಂದಳು.

ಅವನು ಅಣ್ಣನ ಮನೆಗೆ ಹೋದಾಗ ಅತ್ತಿಗೆ ಒಗೆದ ಬಟ್ಟೆ ಮಡಚುತ್ತಿದ್ದರು. ಅವನು ಹೇಳಿ ಮುಗಿಸಿದರೂ ಕೈ ನಿಲ್ಲಿಸಲಿಲ್ಲ. "ನಾನೆಲ್ಲಿ ತಪ್ಪಿದೆ ಅಂತ ನಿಮ್ಮಣ್ಣ ದಿನಾ ಕೇಳೋರು. ಎಂಜಿನ್ ಅಂದ್ರೇನು ಅಂತ ಗೊತ್ತಿಲ್ಲದ ನನ್ನ ಹತ್ರ. ನಿಮ್ಮ ತಮ್ಮ ಸುಳ್ಳು ಹೇಳ್ತಾನಾ ಅಂತ ಒಂದಿನ ನಾನೇ ಅಂದುಬಿಟ್ಟೆ ಕಣಪ್ಪ. ಆಮೇಲೆ ಕೇಳೋದು ಬಿಟ್ರು."

ಅವನು ಗೋಡೆಗೆ ಒರಗಿ ಬಿಕ್ಕಿಬಿಕ್ಕಿ ಅತ್ತ. ಅತ್ತಿಗೆ ಸಮಾಧಾನ ಮಾಡಲಿಲ್ಲ, ಹೊರಗೆ ಹೋಗೆನ್ನಲೂ ಇಲ್ಲ.

ಮರುದಿನ ಬೆಳಿಗ್ಗೆ ಮಾಲೀಕರನ್ನೂ ಬೋಟಿನವರನ್ನೂ ನಿಲ್ಲಿಸಿಕೊಂಡು ನಡೆದದ್ದನ್ನು ಒಂದಕ್ಷರ ಬಿಡದೆ ಹೇಳಿದ. ಅಣ್ಣನನ್ನು ಆಡಿಕೊಂಡಿದ್ದವರು ತಲೆತಗ್ಗಿಸಿದರು. "ಪಾಪ, ಒಳ್ಳೇ ಮನುಷ್ಯ," ಎಂದು ಮಾಲೀಕರು ಒಳಗೆ ಹೋದರು. ಅಷ್ಟೇ.

ಮಗಳು ಈಗ ಪೂರ್ತಿ ವೇಗದಲ್ಲೇ ಹೊಳೆ ದಾಟುತ್ತಾಳೆ. ಚಿಕ್ಕಪ್ಪ ಎದುರು ಸಿಕ್ಕರೆ ಮಾತಾಡುತ್ತಾಳೆ, ಎಂಜಿನ್ ಬಗ್ಗೆ ಮಾತ್ರ.