ಹಳೆಯ ಫೈಲಿನಲ್ಲಿದ್ದ ಸಾಲು

ಕನ್ನಡಕದ ಅಂಗಡಿಯ ಹಿಂಬದಿಯ ಕೋಣೆಯಲ್ಲಿ ಅವಳು ಗಾಜು ಉಜ್ಜುವ ಕೆಲಸ ಮಾಡುತ್ತಿದ್ದಳು. ಮೊದಲ ಮಗ ಆಪರೇಷನ್ನಿನಿಂದ ಹುಟ್ಟಿ ನಾಲ್ಕು ವರ್ಷವಾಗಿತ್ತು. ಮಗುವಿನ ಎದೆಬಡಿತ ಇಳಿಯುತ್ತಿದೆ, ಕೊಯ್ಯದೆ ದಾರಿಯಿಲ್ಲ ಎಂದು ಅವತ್ತು ಗಂಡ ಬಂದು ಹೇಳಿದಾಗ ಹಿಂದೆಮುಂದೆ ನೋಡದೆ ಸಹಿ ಹಾಕಿದ್ದಳು. ಅವನು ಲಿಫ್ಟ್ ರಿಪೇರಿಯವನು, ಮಿತಭಾಷಿ, ಸುಳ್ಳಾಡುವ ಪೈಕಿಯವನಲ್ಲ. ವಾರಗಿತ್ತಿ ಮಾತ್ರ ಸಿಕ್ಕಾಗಲೆಲ್ಲ, "ಹೆರೋ ಕಷ್ಟ ನಿಂಗೇನು ಗೊತ್ತು ಬಿಡು" ಎನ್ನುತ್ತಿದ್ದಳು. ತನ್ನ ಮೈಯೇ ಕೈಕೊಟ್ಟಿತೆಂದು ಇವಳು ಸುಮ್ಮನಾಗುತ್ತಿದ್ದಳು.

ಎರಡನೆಯ ಬಸಿರಿಗೆ ಏಳು ತಿಂಗಳು ತುಂಬಿದಾಗ, ಈ ಸಲ ಸಹಜವಾಗಿ ಹೆರುತ್ತೇನೆಂದು ಹಠ ಹಿಡಿದಳು. ಹೊಸ ಡಾಕ್ಟರಮ್ಮ ಬೇಡವೆನ್ನಲಿಲ್ಲ.

"ಗಾಯ ಯಾವ ಥರದ್ದು, ಯಾಕೆ ಕೊಯ್ದ್ರು ಅಂತ ಮೊದ್ಲು ನೋಡ್ಬೇಕು. ಹಳೇ ಫೈಲ್ ತನ್ನಿ."

"ಅದು ಈಗೆಲ್ಲಿ ಸಿಗುತ್ತೆ?" ಎಂದ ಗಂಡ. "ಸುಮ್ನೆ ಅಲೆದಾಟ. ಆಪರೇಷನ್ನೇ ಆಗ್ಲಿ ಬಿಡು."

ಮಾರನೆಯ ದಿನ ಊಟದ ಬಿಡುವಿನಲ್ಲಿ ಅವಳೊಬ್ಬಳೇ ಹೋದಳು. ಹಳೆಯ ಆಸ್ಪತ್ರೆಯ ಗುಮಾಸ್ತ ಹತ್ತು ನಿಮಿಷದಲ್ಲಿ ಹುಡುಕಿಕೊಟ್ಟ.

ಡಾಕ್ಟರಮ್ಮ ಹಾಳೆ ತಿರುವುತ್ತ, "ಗಾಯ ಅಡ್ಡಕ್ಕಿದೆ, ಸಹಜ ಹೆರಿಗೆಗೆ ನೋಡ್ಬಹುದು" ಎಂದವರು ಒಂದು ಸಾಲಿನಲ್ಲಿ ತಡೆದರು. ಆಮೇಲೆ ಮೆಲ್ಲಗೆ ಓದಿದರು: "ಮಗುವಿನ ಎದೆಬಡಿತ ಸರಿಯಾಗಿದೆ. ಹೆರಿಗೆ ಮುಂದುವರಿಯುತ್ತಿದೆ. ಪತಿಯ ಒತ್ತಾಯದ ಮೇಲೆ ಶಸ್ತ್ರಚಿಕಿತ್ಸೆ."

"ಇನ್ನೊಂದ್ಸಲ ಓದಿ," ಎಂದಳು ಅವಳು.

ಸಂಜೆ ಅವನು ಶೂ ಬಿಚ್ಚುತ್ತಿದ್ದಾಗ ಫೈಲನ್ನು ಮುಂದಿಟ್ಟಳು. ಅವನು ಅದನ್ನು ತೆರೆಯಲೇ ಇಲ್ಲ.

"ನೀನು ಹದಿನಾರು ಗಂಟೆ ನರಳ್ತಿದ್ದೆ. ನನ್ನ ಕೈಲಿ ತಡ್ಕೊಳ್ಳೋಕಾಗ್ಲಿಲ್ಲ."

"ನೋವು ನಂದು, ತಡ್ಕೊಳ್ಳೋಕಾಗದೆ ಇದ್ದಿದ್ದು ನಿಂಗಾ?"

"ನಿಂಗೆ ಒಳ್ಳೇದಾಗ್ಲಿ ಅಂತಾನೇ."

"ಮಗು ಉಳಿಯಲ್ಲ ಅಂತ ಹೆದರಿಸಿ ಸಹಿ ಹಾಕಿಸ್ದೆ. ಸರಿ, ಆ ಹೊತ್ತಿಗೆ ತೋಚಲಿಲ್ಲ. ಆಮೇಲೆ ನಾಲ್ಕು ವರ್ಷ ಇತ್ತಲ್ಲ?"

ಅವನು ಬಿಚ್ಚಿದ ಲೇಸನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದ. "ಹೇಳೋಣ ಅಂತ ಬಾಯಿ ತೆಗೆದಾಗೆಲ್ಲ, ನೀನು, 'ಮಗನ್ನ ಉಳಿಸಿದ್ದು ನೀನೇ' ಅಂತಿದ್ದೆ. ಆಮೇಲೆ ಹೇಗೆ ಹೇಳ್ಲಿ?"

ಅವಳು ಫೈಲನ್ನು ಹಿಂದಕ್ಕೆ ಎಳೆದುಕೊಂಡಳು. ವಾರಗಿತ್ತಿ ಚುಚ್ಚುತ್ತಿದ್ದಾಗ ಪಕ್ಕದಲ್ಲೇ ಕೂತು ಚಹಾ ಕುಡಿಯುತ್ತಿದ್ದವನು ಇವನೇ.

ದಿನ ತುಂಬಿ, ಒಂದು ಬೆಳಗ್ಗೆ ನೋವು ಶುರುವಾದಾಗ ಅವಳು ಆಸ್ಪತ್ರೆಯ ಹೆರಿಗೆ ಕೋಣೆಯೊಳಗೆ ನಾದಿನಿಯನ್ನು ಕರೆದುಕೊಂಡಳು. "ನಿಮ್ಮಣ್ಣ ಹೊರಗಿರಲಿ," ಎಂದಳು. ನಾದಿನಿ ಬಾಗಿಲು ಮುಂದಕ್ಕೆಳೆದಳು. ಮಗುವಿನ ಎದೆಬಡಿತ ಯಂತ್ರದಲ್ಲಿ ಟಕಟಕ ಕೇಳುತ್ತಲೇ ಇತ್ತು. ಹಳೆಯ ಗಾಯದ ಹತ್ತಿರ ಬೇರೆ ಥರ ನೋವಾಗುತ್ತಿದೆಯೇ ಎಂದು ಡಾಕ್ಟರಮ್ಮ ಮತ್ತೆ ಮತ್ತೆ ಕೇಳಿದರು. ಸಂಜೆ ನಾಲ್ಕಕ್ಕೆ, ಇನ್ನು ತನ್ನಿಂದಾಗದು ಎನ್ನುವ ಹೊತ್ತಿಗೆ, ಮಗಳು ಹುಟ್ಟಿದಳು.

ಅವನು ಒಳಗೆ ಬಂದು ಮಗುವನ್ನು ನೋಡಿ ಕಣ್ಣೊರೆಸಿಕೊಂಡ. ಅವಳು ತಡೆಯಲಿಲ್ಲ, ಮಗುವನ್ನು ಅವನ ಕೈಗೂ ಕೊಟ್ಟಳು.

"ಇನ್ನೂ ಕೋಪಾನಾ?"

"ಕೋಪ ಇಳೀತು. ಆದ್ರೆ ನೀನು ಏನ್ ಹೇಳಿದ್ರೂ ಇನ್ನೊಬ್ರನ್ನ ಕೇಳಿ ನೋಡ್ಬೇಕು ಅನ್ಸುತ್ತೆ. ಅದು ಹೋಗ್ತಾ ಇಲ್ಲ."

ಅವನು ತಲೆಯಾಡಿಸಿದ. ಮಗುವನ್ನು ತಂಗಿಯ ಕೈಗಿತ್ತು, ಮಗನನ್ನು ಕರೆತರಲು ಮೆಟ್ಟಿಲಿಳಿದು ಹೋದ.